ಜೇವರ್ಗಿಗೆ ಬಾರದ ಚಪ್ಪಲಿ ಹೂವು

ನಮ್ಮ ಕಡೆ ಮನೆ ಮುಂದೆ ಏನಿರುತ್ತೆ ಹೇಳಿ? ತುಳಸಿ, ದುಂಡುಮಲ್ಲಿಗೆ, ಕಣಗಿಲೆ. ಜೇವರ್ಗಿಯ ನಮ್ಮ ಮನೆಯಲ್ಲೂ ಅಷ್ಟೇ, ಆಳಂದದ ಅಕ್ಕನ ಮನೆಯಲ್ಲೂ ಅಫಜಲಪುರದ ಮಾವನ ಮನೆಯಲ್ಲೂ ಅಷ್ಟೇ. ನನಗೆ ಮಾತ್ರ ಆರ್ಕಿಡ್ ಹುಚ್ಚು.

ಕೆಲವು ವರ್ಷಗಳ ಹಿಂದೆ ಹೊರದೇಶದ ಒಂದು ಗಾಜಿನಮನೆಯಲ್ಲಿ ತಿಳಿಗುಲಾಬಿ ಬಣ್ಣದ ಪುಟ್ಟ ಹೂವಿನ ಹತ್ತಿರ ಮೂಗು ಒಯ್ದೆ. ಗುಲಾಬಿಯಂಥದೇ ಪರಿಮಳ! ಕೆಳಗಿನ ಎಸಳು ಚಪ್ಪಲಿಯ ಮೂತಿಯ ಹಾಗೆ ಉಬ್ಬಿತ್ತು. ಪೆಫಿಯೊಪೆಡಿಲಮ್ ಡೆಲೆನಾಟಿ ಅಂತ ಹೆಸರು. ಅಕ್ಕನಿಗೆ ಹೇಳಿದರೆ, "ಚಪ್ಪಲಿ ಹೂವಾ? ದೇವರಿಗೆ ಏರಸ್ಲಿಕ್ಕೆ ಬರೂದಿಲ್ಲ ಬಿಡು" ಅಂದಳು.

ಬಿಡಲಿಲ್ಲ. ಓದುತ್ತಾ ಹೋದೆ. 1886ರಲ್ಲಿ ಈ ಕುಲಕ್ಕೆ ಹೆಸರಿಟ್ಟದ್ದು ಜರ್ಮನಿಯ ಫಿಟ್ಜರ್. ಗ್ರೀಕರ ಪ್ರೇಮದೇವತೆಯ ಊರು ಪೇಫೋಸ್, ಅದಕ್ಕೆ ಚಪ್ಪಲಿ ಸೇರಿಸಿ. ಡೆಲೆನಾಟಿ ವಿಯೆಟ್ನಾಮಿನ ಗಿಡ, 1924ರಲ್ಲಿ ಫ್ರಾನ್ಸಿನ ಗಿಯೊಮಾಂ ಅದನ್ನು ವಿವರಿಸಿದರು. ಮುಂದಿನದು ಕೇಳಿದರೆ ನಂಬಲಿಕ್ಕಿಲ್ಲ. ದಶಕಗಳ ಕಾಲ ಲೋಕದ ತೋಟಗಳಲ್ಲಿದ್ದ ಡೆಲೆನಾಟಿಗಳೆಲ್ಲ ಫ್ರಾನ್ಸಿನ ವಾಶ್ರೋ-ಲೆಕೂಫ್ಲ್ ನರ್ಸರಿಯಲ್ಲಿ ಉಳಿದಿದ್ದ ಒಂದೇ ಒಂದು ಗಿಡದ ಸಂತಾನ! ಅದರ ಪರಾಗವನ್ನೇ ಅದಕ್ಕೆ ಮುಟ್ಟಿಸಿ, ಬೀಜ ಮಾಡಿಸಿ ಉಳಿಸಿಕೊಂಡರು. ಕಾಡಿನಲ್ಲಿ ಮತ್ತೆ ಕಂಡದ್ದು 1990ರ ದಶಕದಲ್ಲಿ. ಕಂಡದ್ದೇ ತಡ, ಮೂಟೆಗಟ್ಟಲೆ ಕಿತ್ತು ಕದ್ದು ಸಾಗಿಸಿದರು.

ಅಯ್ಯೋ ಪಾಪ ವಿಯೆಟ್ನಾಂ ಅಂದುಕೊಳ್ಳುವಷ್ಟರಲ್ಲಿ ನಮ್ಮದೇ ಕಥೆ ಸಿಕ್ಕಿತು. ದಕ್ಷಿಣ ಭಾರತಕ್ಕೆ ಇರುವ ಚಪ್ಪಲಿ ಆರ್ಕಿಡ್ ಒಂದೇ, ಅಗಸ್ತ್ಯಮಲೆಯ ಡ್ರೂರಿಯೈ. ಹಳದಿ ಎಸಳು, ನಡುವೆ ಕಂದು ಪಟ್ಟೆ. 1865ರಲ್ಲಿ ತಿರುವಾಂಕೂರಿನ ಬೆಟ್ಟದಲ್ಲಿ ಅದನ್ನು ಕಂಡ ಕರ್ನಲ್ ಡ್ರೂರಿಯ ಹೆಸರನ್ನೇ 1874ರಲ್ಲಿ ಬೆಡೋಮ್ ಇಟ್ಟರು. ಆಮೇಲೆ ಸಂಗ್ರಹಕಾರರು ಗುಡ್ಡ ಬರಿದು ಮಾಡಿದರು, ಮೇಲಿಂದ ಕಾಡ್ಗಿಚ್ಚು. ಈಗ ಅದು ಅಳಿವಿನ ಅಂಚಿನಲ್ಲಿದೆ.

ಬೆಳೆಸುವ ಬಗೆಯನ್ನೂ ಓದಿದೆನೆನ್ನಿ. ಬೇರೆಷ್ಟೋ ಆರ್ಕಿಡ್‌ಗಳಿಗೆ ನೀರು ಕೂಡಿಡುವ ಗಡ್ಡೆಯಂಥ ಕಾಂಡ ಇರುತ್ತೆ, ಇವಕ್ಕಿಲ್ಲ. ಹಾಗಾಗಿ ಬೇರು ಪೂರ್ತಿ ಒಣಗಬಾರದು, ಹಾಗಂತ ನೀರು ನಿಂತರೆ ಕೊಳೆಯುತ್ತೆ. ಮಣ್ಣಲ್ಲ, ತೊಗಟೆಯ ಚೂರು ಬೇಕು. ನೆರಳು, ತೇವದ ಗಾಳಿ, ಮಳೆನೀರು. ನಮ್ಮಲ್ಲಿ? ಏಪ್ರಿಲ್-ಮೇ ತಿಂಗಳಲ್ಲಿ 42-43 ಡಿಗ್ರಿ, ಬೋರ್‌ವೆಲ್ ನೀರು ಕಾಸಿದರೆ ಪಾತ್ರೆಗೆ ಬಿಳಿ ಪೊರೆ ಕಟ್ಟುತ್ತೆ. ಆದರೂ ಬಚ್ಚಲ ಮಗ್ಗುಲಲ್ಲಿ ಗೋಣಿ ಕಟ್ಟಿ, ಮಳೆನೀರಿಗೆ ಡ್ರಮ್ ಇಟ್ಟು ಒಂದು ಮೂಲೆ ತಯಾರು ಮಾಡಿದ್ದೆ. ಒಂದು ಗಿಡ ಮರಿ ಹಾಕಿದರೆ ಅಕ್ಕನಿಗೊಂದು, ಮಾವನಿಗೊಂದು ಅಂತ ಲೆಕ್ಕ ಬೇರೆ. ಫ್ರಾನ್ಸಿನ ಆ ಒಂಟಿ ಗಿಡದ ಕಥೆ ಓದಿದವನಿಗೆ ಒಂದೇ ಮನೆಯಲ್ಲಿ ಇಡುವ ಧೈರ್ಯ ಎಲ್ಲಿಂದ ಬರಬೇಕು?

ಅಷ್ಟರಲ್ಲಿ ಕಾನೂನು ಓದಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ಆದ ತಿದ್ದುಪಡಿ ಈ ಇಡೀ ಕುಲವನ್ನೇ ರಕ್ಷಿತ ಸಸ್ಯಗಳ ಪಟ್ಟಿಗೆ ಸೇರಿಸಿತು. ಕಾಡಿನಿಂದ ಕೀಳುವುದಷ್ಟೇ ಅಲ್ಲ, ಬೆಳೆಸಲಿಕ್ಕೂ ಮಾರಲಿಕ್ಕೂ ಪರವಾನಗಿ ಬೇಕು ಅಂತಾಯಿತು. ಮೊದಲು ಸಿಟ್ಟು ಬಂತು, ಮನೆಯ ಒಂದು ಕುಂಡಕ್ಕೂ ಪರವಾನಗಿಯಾ ಅಂತ. ಆಮೇಲೆ ಅಗಸ್ತ್ಯಮಲೆ ನೆನಪಾಯಿತು.

ಗಿಡ ಕೊಡುತ್ತೇನೆ ಅಂದಿದ್ದ ಮಾರಾಟಗಾರನೊಬ್ಬನಿಗೆ, "ಇದು ನರ್ಸರಿಯಲ್ಲಿ ಬೀಜದಿಂದ ಬೆಳೆಸಿದ್ದಾ? ಕಾಗದಪತ್ರ ಇದೆಯಾ?" ಅಂತ ಕೇಳಿದೆ. "ಕಾಡಿಂದೇ ಸರ್, ಒರಿಜಿನಲ್" ಅಂದ! ಫೋನು ಇಟ್ಟೆ. ಗೋಣಿ ಕಟ್ಟಿದ ಮೂಲೆಯಲ್ಲಿ ಈಗ ಅಕ್ಕ ಕೊಟ್ಟ ಮಲ್ಲಿಗೆಯ ಟೊಂಗೆಗಳು ಚಿಗುರುತ್ತಿವೆ.