ದಕ್ಷಿಣದ ಮುಷ್ಟಿ, ಉತ್ತರದ ಕಾಲು: ಚೀನದ ವರಸೆಗಳಲ್ಲಿ ಲಂಘನವಿಚಾರ

ಚೀನದೇಶದ ಸಮರವಿದ್ಯೆಯನ್ನು ಕುರಿತು ‘ದಕ್ಷಿಣಕ್ಕೆ ಮುಷ್ಟಿ, ಉತ್ತರಕ್ಕೆ ಕಾಲು’ ಎಂಬರ್ಥದ ನಾಣ್ಣುಡಿಯೊಂದು ಅಲ್ಲಿ ಪ್ರಸಿದ್ಧವಾಗಿದೆ. ಉತ್ತರದವರು ನೆಗೆದು ಒದೆಯುವುದರಲ್ಲಿಯೂ ದಕ್ಷಿಣದವರು ನೆಲವನ್ನು ಬಿಡದೆ ತೋಳನ್ನು ನಡೆಸುವುದರಲ್ಲಿಯೂ ನಿಪುಣರೆಂಬುದು ಅದರ ಭಾವ. ಇದರಿಂದ ದಕ್ಷಿಣದ ವರಸೆಗಾರನಿಗೆ ಕಾಲ್ಬಲವು ಕಡಮೆಯೆಂದು ಊಹಿಸುವುದುಂಟು. ಈ ಊಹೆ ನಿಲ್ಲತಕ್ಕದ್ದಲ್ಲ.

ದಕ್ಷಿಣದ ಗರಡಿಗಳಲ್ಲಿ ಶಿಷ್ಯನು ಮೊದಲು ಕಲಿಯುವುದು ಕುದುರೆಯ ನಿಲುವು. ತೊಡೆಗಳನ್ನು ನೆಲಕ್ಕೆ ಸಮಾನಾಂತರವಾಗುವಷ್ಟು ತಗ್ಗಿಸಿ ಬಹಳ ಹೊತ್ತು ಅಲುಗದೆ ನಿಲ್ಲುವುದು. ಇದರಿಂದ ಬೆಳೆಯುವುದು ಸ್ಥಿರಬಲ. ನೆಗೆತಕ್ಕೆ ಬೇಕಾದದ್ದು ಕ್ಷಣಾರ್ಧದಲ್ಲಿ ಹೊಮ್ಮುವ ಕ್ಷಿಪ್ರಬಲ. ಎರಡೂ ಕಾಲಿನವೇ, ಆದರೆ ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯಲಾಗದು.

ನಾಣ್ಣುಡಿಯ ಭೇದವನ್ನು ಅಳಿಸಿದ್ದು ಪಂದ್ಯದ ನಿಯಮ. ೧೯೨೮ರಲ್ಲಿ ನಾನ್‌ಜಿಂಗಿನಲ್ಲಿ ಕೇಂದ್ರ ಸಮರವಿದ್ಯಾಲಯವು ಸ್ಥಾಪಿತವಾದಾಗ ಈ ವಿದ್ಯೆಗಳು ಒಂದು ಸೂರಿನಡಿ ಬಂದುವು. ೧೯೫೦ರ ದಶಕದಲ್ಲಿ ಉತ್ತರದ ಹಲವು ಸಂಪ್ರದಾಯಗಳಿಂದ ಚಾಂಗ್‌ಚ್ಯುವಾನ್ ಎಂಬ ಪಂದ್ಯದ ವರಸೆಯನ್ನು ರೂಪಿಸಿದರು. ದಕ್ಷಿಣದ ಸಂಪ್ರದಾಯಗಳಿಂದ ನಾನ್‌ಚ್ಯುವಾನ್ ಬಳಿಕ ಬಂದಿತು. ೧೯೯೦ರ ಬೀಜಿಂಗಿನ ಏಷ್ಯನ್ ಕ್ರೀಡಾಕೂಟದಲ್ಲಿ ಇವಕ್ಕೆ ಸ್ಥಾನ ದೊರೆಯಿತು. ಅನಂತರದ ನಿಯಮಗಳಲ್ಲಿ ಒಟ್ಟು ೧೦ ಅಂಕಗಳ ಪೈಕಿ ೨ನ್ನು ಕಷ್ಟಸಾಧ್ಯವಾದ ಚಲನೆಗಳಿಗೆಂದೇ ಮೀಸಲಿಟ್ಟರು. ಅಂದಿನಿಂದ ದಕ್ಷಿಣದ ವರಸೆಗಾರನೂ ಗಾಳಿಯಲ್ಲಿ ಸುತ್ತಬೇಕಾಯಿತು, ಹಿಮ್ಮುಖವಾಗಿ ಲಾಗ ಹೊಡೆಯಬೇಕಾಯಿತು. ಮಂದಗತಿಗೆ ಹೆಸರಾದ ತೈಜಿಚ್ಯುವಾನ್‌ಗೂ ನೆಗೆತ ತಪ್ಪಲಿಲ್ಲ! ಓಟದ ನೆರವು ಅತ್ಯಲ್ಪವಾದ ಆ ವರಸೆಯಲ್ಲಿಯೇ ಕಾಲಿನ ನಿಜವಾದ ಬಲವು ಹೆಚ್ಚು ಸ್ಪಷ್ಟವಾಗಿ ಕಾಣುವುದೆಂದರೆ ತಪ್ಪಾಗಲಾರದು.

ಇನ್ನು ಅಳತೆಯ ಮಾತು. ನಿಂತಲ್ಲಿಂದ ಮೇಲಕ್ಕೆ ನೆಗೆಯಿಸಿ ದೇಹಬಲವನ್ನು ಅಳೆಯುವ ಕ್ರಮವನ್ನು ಅಮೆರಿಕದ ಡಡ್ಲಿ ಸಾರ್ಜೆಂಟನು ೧೯೨೧ರಲ್ಲಿ ಪ್ರಕಟಿಸಿದನು. ಅದನ್ನು ವರಸೆಗಾರರಿಗೆ ಅನ್ವಯಿಸುವಾಗ ಎಚ್ಚರಿಕೆ ಬೇಕು. ಗಾಳಿಯಲ್ಲಿ ೦.೫ ಸೆಕೆಂಡು ಇರುವವನು ಸುಮಾರು ೩೧ ಸೆಂಟಿಮೀಟರು ಏರಿರುತ್ತಾನೆ, ೦.೬ ಸೆಕೆಂಡು ಇರಬೇಕಾದರೆ ಸುಮಾರು ೪೪ ಏರಬೇಕು. ಎತ್ತರವು ಕಾಲದ ವರ್ಗವನ್ನು ಅನುಸರಿಸುವುದೇ ಇದಕ್ಕೆ ಕಾರಣ. ಸುತ್ತೆಲ್ಲವೂ ಗಾಳಿಯಲ್ಲಿಯೇ ನಡೆಯುವುದೆಂದು ಎಣಿಸಿದರೆ, ೫೪೦ ಅಂಶಗಳ ಸುತ್ತನ್ನು ಅದೇ ವೇಗದಲ್ಲಿ ೭೨೦ಕ್ಕೆ ಏರಿಸಲು ನೆಗೆತದ ಎತ್ತರವು ನಾಲ್ಕರಲ್ಲಿ ಮೂರು ಪಾಲು ಹೆಚ್ಚಿದರೂ ಸಾಲದು. ಇಷ್ಟು ಬಲವನ್ನು ಹೊಸದಾಗಿ ಸಂಪಾದಿಸುವವರು ವಿರಳ. ವರಸೆಗಾರನು ತೋಳುಗಳನ್ನು ಮೈಗೆ ಸೆಳೆದುಕೊಂಡು ಸುತ್ತಿನ ವೇಗವನ್ನೇ ಹೆಚ್ಚಿಸಿಕೊಳ್ಳುತ್ತಾನೆ. ಆದುದರಿಂದ ಹೆಚ್ಚು ಸುತ್ತಿದವನಿಗೆ ಹೆಚ್ಚು ಕಾಲ್ಬಲವೆಂದು ತೀರ್ಮಾನಿಸುವುದು ಅವಸರದ ಮಾತು.

ಇಳಿಯುವ ಬಗೆಯೂ ವಿಚಾರಾರ್ಹವಾದುದೇ. ಸುತ್ತಿ ಬಂದವನು ಕುದುರೆಯ ನಿಲುವಿನಲ್ಲಿಯೇ ಇಳಿದು ಪಾದ ಕದಲದಂತೆ ನಿಲ್ಲಬೇಕು. ಕದಲಿದರೆ ಆ ಜೋಡಣೆಯ ಅಂಕ ಹೋಯಿತು. ಏರಿದ ದೇಹವನ್ನು ಅಲ್ಲಿ ತಡೆದು ನಿಲ್ಲಿಸುವುದು, ದಕ್ಷಿಣದವರು ಗರಡಿಯಲ್ಲಿ ನಿಂತು ನಿಂತು ಸಾಧಿಸಿದ ಆ ತೊಡೆಯ ಬಲವೇ.