ಸನತ್‌ನಗರದಿಂದ ಬೀದರಿಗೆ: ಹಳೆಯ ಕಾರಿನ ಚರಿತ್ರೆ

ಹೈದರಾಬಾದಿನ ಸನತ್‌ನಗರವು ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಕಾರ್ಖಾನೆಗಳ ನೆರೆಯಾಗಿ ಬೆಳೆದ ಪ್ರದೇಶ. 1942ರಲ್ಲಿ ಸ್ಥಾಪನೆಗೊಂಡ ಹೈದರಾಬಾದ್ ಆಲ್ವಿನ್ ಕಂಪನಿಯ ಕಾರ್ಖಾನೆ ಇಲ್ಲಿತ್ತು. ಬಸ್ಸುಗಳ ಬಾಡಿ, ಉಕ್ಕಿನ ಪೀಠೋಪಕರಣ, ರೆಫ್ರಿಜರೇಟರ್, ಮುಂದೆ ಕೈಗಡಿಯಾರ, ಸ್ಕೂಟರ್ ಎಲ್ಲವೂ ಆಲ್ವಿನ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂದವು. 1980ರ ದಶಕದಲ್ಲಿ ಜಪಾನಿನ ನಿಸಾನ್ ಸಹಯೋಗದೊಡನೆ ಜಹೀರಾಬಾದಿನಲ್ಲಿ ಹಗುರ ಲಾರಿಗಳೂ ತಯಾರಾದವು. ಆ ಜಹೀರಾಬಾದ್ 1956ರವರೆಗೆ ನಮ್ಮ ಬೀದರ್ ಜಿಲ್ಲೆಗೇ ಸೇರಿದ್ದ ತಾಲ್ಲೂಕು. ಇಂದು ಆಲ್ವಿನ್ ಇಲ್ಲ. ಲಾರಿಯ ವಿಭಾಗ ಮಹೀಂದ್ರಾ ಪಾಲಾಯಿತು, ರೆಫ್ರಿಜರೇಟರ್ ವಿಭಾಗ ವೋಲ್ಟಾಸ್ ಪಾಲಾಯಿತು. ಕಂಪನಿಯ ಹೆಸರು ಕಾಲೊನಿಗೂ ಚೌಕಕ್ಕೂ ಅಂಟಿಕೊಂಡು ಉಳಿದಿದೆ.

ಕಂಪನಿ ಮುಚ್ಚಿದ ದಿನವೇ ಅದು ಮಾಡಿದ ವಸ್ತುಗಳು ನಿಂತುಹೋಗುವುದಿಲ್ಲ. ಅವು ಮನೆಗಳಲ್ಲಿ, ರಸ್ತೆಗಳಲ್ಲಿ ವರ್ಷಗಟ್ಟಲೆ ದುಡಿಯುತ್ತಲೇ ಇರುತ್ತವೆ. ಅವನ್ನು ದುಡಿಸುವವರು ಯಾರು, ಬಿಡಿಭಾಗ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಆಗ ಏಳುತ್ತದೆ. ಕಡಿಮೆ ಹಣದಲ್ಲಿ ಹಳೆಯ ಕಾರು ಕೊಳ್ಳಹೊರಟವನು ಮೊದಲು ಕೇಳಬೇಕಾದುದೂ ಇದನ್ನೇ. ನಂಬಬಹುದಾದ ಕಾರೆಂದರೆ ಹೊಳೆಯುವ ಕಾರಲ್ಲ. ಅದರ ಹಿಂದಿನದನ್ನು ಓದಲು ಬರಬೇಕು, ಮುಂದಿನದನ್ನು ರಿಪೇರಿ ಮಾಡಲು ಬರಬೇಕು. ಭಾರತದಲ್ಲಿ ಕಾರಿನ ಚರಿತ್ರೆ ಈ ಮಾತನ್ನು ಮತ್ತೆ ಮತ್ತೆ ಸಾಬೀತುಪಡಿಸಿದೆ.

ಲೈಸೆನ್ಸ್ ಪದ್ಧತಿಯ ಕಾಲದಲ್ಲಿ ಆಯ್ಕೆ ಎಂಬುದೇ ಹೆಚ್ಚು ಇರಲಿಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ರೂಪಾಂತರವಾದ ಅಂಬಾಸಿಡರ್, ಮುಂದೆ ಪದ್ಮಿನಿ ಎಂದು ಹೆಸರಾದ ಫಿಯೆಟ್, 1961ರಿಂದ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್, ಇವಿಷ್ಟೇ ಮಧ್ಯಮ ವರ್ಗದ ಕನಸಿನ ಗಡಿ. ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಹೀಗಾಗಿ ಒಂದೆರಡು ವರ್ಷ ಓಡಿದ ಫಿಯೆಟ್ ಕೆಲವೊಮ್ಮೆ ಕಂಪನಿಯ ಬೆಲೆಗಿಂತ ಹೆಚ್ಚಿಗೆ ಮಾರಾಟವಾಗುತ್ತಿತ್ತು. ಹಳೆಯದಕ್ಕೆ ಹೊಸದಕ್ಕಿಂತ ಹೆಚ್ಚು ಬೆಲೆ ಎಂಬ ಈ ವಿಚಿತ್ರ ಸ್ಥಿತಿಯಲ್ಲೂ ಕೊಳ್ಳುವವನಿಗೆ ಒಂದು ಭರವಸೆ ಇತ್ತು. ದೇಶದಲ್ಲಿ ಇದ್ದದ್ದೇ ಎರಡು ಮೂರು ಬಗೆಯ ಎಂಜಿನ್ ಆದ್ದರಿಂದ, ಅವನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತಿದ್ದ. ಹೈದರಾಬಾದಿನವರಿಗೆ ರಾಣಿಗಂಜ್, ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಮತ್ತು ಶಿವಾಜಿನಗರದ ಗುಜರಿ ಅಂಗಡಿಗಳು ಕಾರಿನ ಎರಡನೆಯ ತವರುಮನೆಯಂತಿದ್ದವು.

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಅದರ ಒಡೆಯನ ಕೈ ಸೇರಿತು. 796 ಸಿ.ಸಿ.ಯ ಆ ಪುಟ್ಟ ಎಂಜಿನ್ ದೇಶದ ರಸ್ತೆಯ ಸ್ವರೂಪವನ್ನೇ ಬದಲಿಸಿತು. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸ್ ಬೇಡವೆಂದಾದ ಮೇಲೆ ವಿದೇಶಿ ಕಂಪನಿಗಳು ಸಾಲುಗಟ್ಟಿ ಬಂದವು. ಹೊಸ ಕಾರುಗಳು ಹೆಚ್ಚಿದಂತೆ ಹಳೆಯ ಕಾರುಗಳೂ ಹೆಚ್ಚಿದವು, ಬೆಲೆ ಇಳಿಯಿತು. ಆದರೆ ಮಾರುವವನ ಮುಖಪರಿಚಯ ಮಾಯವಾಯಿತು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲೋಫ್ 1970ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದ ವಸ್ತು ಇದೇ. ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಅಂಜಿ ಎಲ್ಲ ಕಾರಿಗೂ ಕಡಿಮೆ ಬೆಲೆಯನ್ನೇ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲು ಒಪ್ಪುವುದಿಲ್ಲ. ಸಂತೆಯಲ್ಲಿ ಕೆಟ್ಟ ಕಾರುಗಳೇ ಉಳಿಯುತ್ತವೆ. ಈ ವಿಚಾರಧಾರೆಗೆ 2001ರಲ್ಲಿ ನೊಬೆಲ್ ಗೌರವ ಸಂದಿತು. ಅದೇ ಸುಮಾರಿಗೆ ಭಾರತದಲ್ಲಿ ಕಂಪನಿಗಳೇ ಹಳೆಯ ಕಾರನ್ನು ಪರೀಕ್ಷಿಸಿ, ಖಾತರಿ ಕೊಟ್ಟು ಮಾರುವ ಮಳಿಗೆಗಳನ್ನು ತೆರೆಯತೊಡಗಿದವು. ಆ ಖಾತರಿಗೂ ಬೆಲೆ ಇದೆ. ಕೈಯಲ್ಲಿ ಎರಡು ಲಕ್ಷ ಮಾತ್ರ ಇರುವವನು ಖಾತರಿಗೆ ತೆರುವ ಹಣವನ್ನು ಉಳಿಸಿಕೊಂಡು, ಆ ತಿಳಿವಳಿಕೆಯನ್ನು ತಾನೇ ಗಳಿಸಬೇಕಾಗುತ್ತದೆ.

ಮೊದಲ ತಿಳಿವಳಿಕೆ ತಯಾರಕರ ಗತಿಯದು. 1985ರಲ್ಲಿ ಬಂದ ಸ್ಟ್ಯಾಂಡರ್ಡ್ 2000 ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಹೊಸ ಶತಮಾನದ ಆರಂಭದಲ್ಲಿ ಡೇವೂ ಕುಸಿಯಿತು. ಜನರಲ್ ಮೋಟಾರ್ಸ್ 2017ರ ಕೊನೆಗೆ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. ಫೋರ್ಡ್ 2021ರಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಇಂಥ ಕಾರುಗಳು ಸಂತೆಯಲ್ಲಿ ಅಗ್ಗಕ್ಕೆ ಸಿಗುತ್ತವೆ, ಅವುಗಳಲ್ಲಿ ಗಟ್ಟಿಮುಟ್ಟಾದವೂ ಇವೆ. ಆದರೆ ಒಂದು ಸಣ್ಣ ಸೆನ್ಸರಿಗಾಗಿ ವಾರಗಟ್ಟಲೆ ಕಾಯುವ ಸ್ಥಿತಿ ಬಂದರೆ ಉಳಿಸಿದ ಹಣ ಆಟೋರಿಕ್ಷಾಗೆ ಹೋಗುತ್ತದೆ. ಹಣ ಕಡಿಮೆ ಇದ್ದಷ್ಟೂ, ಊರಿನ ಗ್ಯಾರೇಜಿನಲ್ಲಿ ಅತಿ ಹೆಚ್ಚು ಕಾಣುವ ಮಾದರಿಯನ್ನೇ ಆರಿಸುವುದು ಕ್ಷೇಮ.

ಎರಡನೆಯದು ಕಾಗದದ ತಿಳಿವಳಿಕೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಒಂದೇ ರಾಜ್ಯದೊಳಗೆ ಮಾರಿದವನು 14 ದಿನಗಳಲ್ಲಿ, ಕೊಂಡವನು 30 ದಿನಗಳಲ್ಲಿ ಹೆಸರು ಬದಲಾವಣೆಗೆ ತಿಳಿಸಬೇಕು. ನಮ್ಮಲ್ಲಿ ಅನೇಕರು ಸಹಿ ಮಾಡಿದ ಫಾರಂಗಳನ್ನು ಕೊಟ್ಟು ಕೈ ತೊಳೆದುಕೊಳ್ಳುವುದುಂಟು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪು ಇವರ ಕಣ್ಣು ತೆರೆಸಬೇಕು. ವಾಹನ ಹಲವು ಕೈ ದಾಟಿದ್ದರೂ ಅಪಘಾತದ ದಿನ ದಾಖಲೆಯಲ್ಲಿ ಯಾರ ಹೆಸರಿತ್ತೋ ಅವನೇ ಪರಿಹಾರಕ್ಕೆ ಹೊಣೆ ಎಂದು ನ್ಯಾಯಾಲಯ ಹೇಳಿತು. ಇಂಥ ತೊಡಕನ್ನು ಕಡಿಮೆ ಮಾಡಲೆಂದು ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ನಿಯಮ ತಿದ್ದಿ, ಹಳೆಯ ವಾಹನ ವ್ಯಾಪಾರಿಗಳಿಗೆ ಅಧಿಕೃತ ಪ್ರಮಾಣಪತ್ರ ಕಡ್ಡಾಯ ಮಾಡಿತು. ಕೊಳ್ಳುವವನು ಆರ್.ಸಿ.ಯ ಷಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳನ್ನು ವಾಹನದ ಮೇಲಿನ ಅಚ್ಚಿನೊಡನೆ ಹೋಲಿಸಬೇಕು. ಸಾಲ ತೀರಿದ್ದರೆ ಬ್ಯಾಂಕಿನ ಹೆಸರು ದಾಖಲೆಯಿಂದ ತೆಗೆದಿದೆಯೇ, ದಂಡ ಬಾಕಿ ಇದೆಯೇ ಎಂದು ನೋಡಬೇಕು.

ಮೂರನೆಯದು ಗಡಿಯದು, ಇದು ಹೈದರಾಬಾದಿನ ಕನ್ನಡಿಗರಿಗೆ ವಿಶೇಷವಾಗಿ ತಟ್ಟುವ ಸಂಗತಿ. 1956ರ ನವೆಂಬರ್ 1ಕ್ಕಿಂತ ಮೊದಲು ಸನತ್‌ನಗರವೂ ಬೀದರ್, ಕಲಬುರಗಿ, ರಾಯಚೂರುಗಳೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಇಂದು ಸನತ್‌ನಗರದಲ್ಲಿ ಅಗ್ಗಕ್ಕೆ ಕೊಂಡ ಕಾರನ್ನು ಬೀದರಿನ ಮನೆಯಲ್ಲಿ ಕಾಯಂ ಇಟ್ಟುಕೊಳ್ಳಬೇಕಾದರೆ ತೆಲಂಗಾಣದ ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಹನ್ನೆರಡು ತಿಂಗಳು ಮೀರಿದರೆ ಕರ್ನಾಟಕದಲ್ಲಿ ಮರುನೋಂದಣಿ ಮಾಡಿಸಿ, ವಾಹನದ ವಯಸ್ಸಿಗೆ ತಕ್ಕ ತೆರಿಗೆ ಕಟ್ಟಬೇಕು. ದೆಹಲಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳನ್ನು ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧಿಸಿದ ಮೇಲೆ ಅಲ್ಲಿನ ಕಾರುಗಳು ದಕ್ಷಿಣಕ್ಕೂ ಅಗ್ಗವಾಗಿ ಬರತೊಡಗಿದವು. ಅವುಗಳಿಗೂ ಇದೇ ಲೆಕ್ಕ. ತೆರಿಗೆ ಸೇರಿಸಿದ ಮೇಲೂ ಅಗ್ಗವೇ ಎಂದು ಕೂಡಿ ನೋಡದೆ ಮುಂಗಡ ಕೊಡಬಾರದು.

ಕೊನೆಯದು ಮೈಯ ತಿಳಿವಳಿಕೆ. 2020ರ ಅಕ್ಟೋಬರಿನ ಮಳೆಯಲ್ಲಿ ಹೈದರಾಬಾದಿನ ಎಷ್ಟೋ ಬಡಾವಣೆಗಳು ಮುಳುಗಿ ಕಾರುಗಳು ನೀರಿನಲ್ಲಿ ನಿಂತವು. ನೀರುಂಡ ಕಾರನ್ನು ತೊಳೆದು ಮಾರುವುದು ಕಷ್ಟವಲ್ಲ. ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ಒಳತುದಿಯಲ್ಲಿ ಕೆಸರಿನ ಗೆರೆ, ಸೀಟಿನ ಹಳಿಯಲ್ಲಿ ತುಕ್ಕು, ಹಾಸಿನ ಕೆಳಗೆ ಮುಗ್ಗಲು ವಾಸನೆ ಸತ್ಯ ಹೇಳುತ್ತವೆ. ಮೀಟರು ಮೂವತ್ತು ಸಾವಿರ ಕಿಲೋಮೀಟರ್ ತೋರಿಸಿ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದರೆ ಮೀಟರನ್ನು ನಂಬಬಾರದು, ಸರ್ವಿಸ್ ದಾಖಲೆ ಕೇಳಬೇಕು. ಟೈರಿನ ಮೇಲಿನ ನಾಲ್ಕು ಅಂಕಿ ಅದರ ಜನ್ಮಪತ್ರಿಕೆ: 2319 ಎಂದಿದ್ದರೆ 2019ರ ಇಪ್ಪತ್ಮೂರನೆಯ ವಾರದಲ್ಲಿ ತಯಾರಾದದ್ದು. ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಿ, ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದು ತಿಳಿಯಬೇಕು. ಮಾರುವವನಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ಕಿಗೆ ಕೊಡುವ ಕೆಲವು ನೂರು ರೂಪಾಯಿ ಈ ವ್ಯವಹಾರದಲ್ಲೇ ಅತ್ಯಂತ ಲಾಭದ ಖರ್ಚು.

ಎರಡು ಲಕ್ಷ ಇರುವವನು ಎರಡು ಲಕ್ಷದ ಕಾರನ್ನು ಕೊಳ್ಳಬಾರದು. ಹೆಸರು ಬದಲಾವಣೆ, ವಿಮೆ, ಬ್ಯಾಟರಿ, ಟೈರುಗಳಿಗೆಂದು ಒಂದು ಪಾಲನ್ನು ಎತ್ತಿಟ್ಟು ಉಳಿದದ್ದರಲ್ಲಿ ಕೊಳ್ಳಬೇಕು. ಇಲ್ಲವಾದರೆ ಮೊದಲ ದುರಸ್ತಿಗೇ ಸಾಲ ಮಾಡಬೇಕಾಗಿ, ಆಸ್ಪತ್ರೆಗೆ, ಮಗಳ ಪರೀಕ್ಷೆಗೆ, ಊರಿನ ಜಾತ್ರೆಗೆ ಒದಗಲೆಂದು ತಂದ ವಾಹನ ಮನೆಯೆದುರು ಧೂಳು ತಿನ್ನುತ್ತ ನಿಲ್ಲುತ್ತದೆ. ತಯಾರಿಸಿದ ಕಂಪನಿ ಇಂದು ಇರಬಹುದು, ನಾಳೆ ಇಲ್ಲದಿರಬಹುದು. ನೇರವಾದ ಕಾಗದ, ಸಿಗುವ ಬಿಡಿಭಾಗ, ಬಲ್ಲ ಮೆಕ್ಯಾನಿಕ್ ಈ ಮೂರು ಇದ್ದರೆ ಹತ್ತು ವರ್ಷದ ಕಾರೂ ಬಡವನ ಮನೆಯನ್ನು ಇನ್ನಷ್ಟು ಕಾಲ ನಡೆಸಿಕೊಡುತ್ತದೆ.