ಪಾದ್ರಿಗಳಿಲ್ಲದ ಇಗರ್ಜಿ

ಒಬ್ಬನು ನಂಬಿ ಮತ್ತೊಬ್ಬನ ವಶದಲ್ಲಿಟ್ಟ ಸೊತ್ತಿಗೆ ಧರ್ಮಶಾಸ್ತ್ರಕಾರರು ನಿಕ್ಷೇಪವೆಂದು ಹೆಸರಿಟ್ಟಿರುವರು. ಇಟ್ಟವನು ಬಂದು ಕೇಳಿದಾಗ ಅದನ್ನು ಕುಂದಿಲ್ಲದೆ ಹಿಂದಕ್ಕೊಪ್ಪಿಸುವುದೇ ಕಾಪಿಟ್ಟವನ ಧರ್ಮವು. ಈ ಧರ್ಮವನ್ನು ಏಳೆಂಟು ತಲೆಮಾರುಗಳವರೆಗೆ ನಡೆಯಿಸಿದ ಒಂದು ಬಡ ಗ್ರಾಮದ ವೃತ್ತಾಂತವು ಜಪಾನು ದೇಶದ ಚರಿತ್ರೆಯಲ್ಲಿ ದೊರೆಯುತ್ತದೆ. ನಾಗಸಾಕಿ ನಗರಕ್ಕೆ ಸಮೀಪದ ಉರಕಾಮಿಯೇ ಆ ಗ್ರಾಮವು.

ಸಂತ ಫ್ರಾನ್ಸಿಸ್ ಕ್ಸೇವಿಯರನು 1549ರಲ್ಲಿ ಗೋವೆಯಿಂದ ಹೊರಟು ಜಪಾನಿನ ಕಾಗೋಶಿಮಾ ರೇವಿನಲ್ಲಿ ಇಳಿದನು. ಮುಂದೆ ಕ್ರೈಸ್ತರಾದವರು ಬಹುಮಂದಿ, ಪಾದ್ರಿಗಳಾದರೋ ಕೆಲವರೇ. ಆದಕಾರಣ ಸಭೆಯ ಕಾರ್ಯಗಳಲ್ಲಿ ಅನೇಕವನ್ನು ಗೃಹಸ್ಥರೇ ವಹಿಸಿಕೊಳ್ಳಬೇಕಾಯಿತು. 1583ರಲ್ಲಿ ನಾಗಸಾಕಿಯಲ್ಲಿ ಮಿಸೆರಿಕೋರ್ದಿಯಾ, ಎಂದರೆ ಕರುಣೆಯ ಸಂಘವು ಸ್ಥಾಪಿತವಾಯಿತು. ಈ ಹೆಸರಿನ ಸಂಘವು ಗೋವೆಯಲ್ಲಿ ಅದಕ್ಕೆ ಮೊದಲೇ ಇದ್ದಿತು. ರೋಗಿಗಳ ಶುಶ್ರೂಷೆ, ದರಿದ್ರರ ಪೋಷಣೆ, ಸತ್ತವರ ಸಂಸ್ಕಾರ, ಇವೇ ಅದರ ಕೆಲಸಗಳು. ಸಂಕಟಕಾಲಕ್ಕೆ ಬೇಕಾದ ಅಭ್ಯಾಸವು ಹೀಗೆ ಸುಖಕಾಲದಲ್ಲಿಯೇ ಜನರಿಗೆ ಆಗಿದ್ದಿತು.

ಆ ಸಂಕಟವು ಬಹುಬೇಗನೆ ಬಂದಿತು. 1614ರಲ್ಲಿ ತೋಕುಗಾವಾ ಪ್ರಭುಗಳು ದೇಶದಲ್ಲೆಲ್ಲ ಕ್ರೈಸ್ತಮತವನ್ನು ನಿಷೇಧಿಸಿದರು. 1644ರಲ್ಲಿ ನಾಡಿನಲ್ಲಿ ಉಳಿದಿದ್ದ ಕಡೆಯ ಪಾದ್ರಿಯೂ ಹತನಾದನು. ಪ್ರತಿಯೊಂದು ಕುಟುಂಬವೂ ಬೌದ್ಧ ವಿಹಾರದಲ್ಲಿ ಹೆಸರು ಬರೆಯಿಸಬೇಕಾಯಿತು. ನಾಗಸಾಕಿಯ ಜನರು ವರ್ಷಕ್ಕೊಮ್ಮೆ ಏಸುಸ್ವಾಮಿಯ ಅಥವಾ ಮರಿಯಮ್ಮನವರ ಪ್ರತಿಮೆಯನ್ನು ತುಳಿದು ತೋರಿಸಬೇಕಾಯಿತು. ಗುಟ್ಟನ್ನು ತಿಳಿಸಿದವರಿಗೆ ಬೆಳ್ಳಿಯ ಬಹುಮಾನವೆಂದು ಹಲಗೆಗಳಲ್ಲಿ ಬರೆದು ನಿಲ್ಲಿಸಿದ್ದರು.

ಈ ದೆಸೆಯಲ್ಲಿ ಉರಕಾಮಿಯ ರೈತರು ಸಭೆಯ ಭಾರವನ್ನು ಮೂರು ಪಾಲು ಮಾಡಿಕೊಂಡರು. 'ಚೋಕಾತಾ' ಎಂಬವನು ಪಂಚಾಂಗವನ್ನು ಕಾಯುವವನು. ಹಬ್ಬಗಳನ್ನೂ ಉಪವಾಸಗಳನ್ನೂ ಗೊತ್ತುಮಾಡುವುದು ಅವನ ಹೊಣೆ. 'ಮಿಜುಕಾತಾ' ಎಂಬವನು ನೀರಿನವನು. ಹುಟ್ಟಿದ ಶಿಶುಗಳಿಗೆ ಜ್ಞಾನಸ್ನಾನವನ್ನು ಕೊಡುವವನು. 'ಕಿಕಿಯಾಕು' ಎಂಬವನು ಮನೆಮನೆಗೆ ತಿರುಗಿ ದಿನಗಳನ್ನು ತಿಳಿಸುವವನು. ಈ ಅಧಿಕಾರಗಳಿಗೆ ರಾಜಮನ್ನಣೆಯಿಲ್ಲ. ಬಯಲಾದರೆ ಸೆರೆಮನೆಯೇ ಗತಿ. ಪ್ರಾರ್ಥನೆಗಳೂ ಜ್ಞಾನಸ್ನಾನದ ಲ್ಯಾಟಿನ್ ವಾಕ್ಯವೂ ಕರ್ಣಪರಂಪರೆಯಿಂದಲೇ ನಡೆದುಬಂದವು.

ಇವುಗಳಲ್ಲಿ ಪಂಚಾಂಗದ ಕೆಲಸವು ಸುಲಭವಾದುದಲ್ಲ. ಪುನರುತ್ಥಾನದ ಹಬ್ಬವು ವರ್ಷವರ್ಷಕ್ಕೂ ಸ್ಥಳ ಬದಲಿಸುತ್ತದೆ. ಅದಕ್ಕೆ ಹಿಂದಿನ ತಪಸ್ಸುಕಾಲವೂ ಅದರೊಡನೆಯೇ ಸರಿಯುತ್ತದೆ. ಇದನ್ನು ಚಾಂದ್ರಮಾನದ ಜಪಾನೀ ತಿಂಗಳುಗಳಿಗೆ ಹೊಂದಿಸಿ ಗುಟ್ಟಾಗಿ ಲೆಕ್ಕಹಾಕಬೇಕಾಗಿದ್ದಿತು. ಒಂದು ವರ್ಷ ತಪ್ಪಿದರೆ ತಿದ್ದುವವರಿರಲಿಲ್ಲ. 1856ರಲ್ಲಿ ಏಳನೆಯ ತಲೆಮಾರಿನ ಚೋಕಾತಾ ಸೆರೆಸಿಕ್ಕಿ ಸೆರೆಯಲ್ಲಿಯೇ ಮೃತನಾದನು. ಆದರೂ ಎಣಿಕೆಯು ಕಡಿಯಲಿಲ್ಲ.

ವಿದೇಶಿಯರಿಗೆ ರೇವುಗಳು ತೆರೆದ ಮೇಲೆ ಫ್ರಾನ್ಸಿನ ಪಾದ್ರಿಗಳು ನಾಗಸಾಕಿಯ ಓಉರಾ ಎಂಬಲ್ಲಿ ಇಗರ್ಜಿಯನ್ನು ಕಟ್ಟಿದರು. 1865ನೆಯ ಮಾರ್ಚಿ 17ರಂದು ಉರಕಾಮಿಯ ಕೆಲವರು ಅಲ್ಲಿಗೆ ಬಂದು, ತಮ್ಮ ಹೃದಯವೂ ಅವರ ಹೃದಯವೂ ಒಂದೇ ಎಂದು ಪೆತೀಜಾನ್ ಪಾದ್ರಿಗೆ ಮೆಲ್ಲನೆ ತಿಳಿಸಿದರು. ಮರಿಯಮ್ಮನವರ ಪ್ರತಿಮೆಯೆಲ್ಲಿ ಎಂದು ಕೇಳಿದರು. ಆ ದಿನವು ದುಃಖಕಾಲದ 17ನೆಯ ದಿನವೆಂದೂ ಹೇಳಿದರು. ಆ ವರ್ಷದ ವಿಭೂತಿ ಬುಧವಾರವು ಮಾರ್ಚಿ 1ರಂದು ಬಿದ್ದಿದ್ದಿತು. ಅಲ್ಲಿಂದ ಎಣಿಸಿದರೆ ಮಾರ್ಚಿ 17 ಸರಿಯಾಗಿ 17ನೆಯ ದಿನವು! ಪಾದ್ರಿಯಿಲ್ಲದ 221 ವರ್ಷಗಳ ಬಳಿಕ ರೈತರ ಲೆಕ್ಕವೂ ರೋಮಿನ ಲೆಕ್ಕವೂ ಒಂದಾಗಿದ್ದವು.

ನಿಕ್ಷೇಪವನ್ನು ಒಪ್ಪಿಸುವ ಕಾಲವು ಬಂದಾಗ ಎಲ್ಲರೂ ಒಂದೇ ದಾರಿ ಹಿಡಿಯಲಿಲ್ಲ. ಇಕಿತ್ಸುಕಿ ಮೊದಲಾದೆಡೆಗಳಲ್ಲಿ ಅನೇಕರು ಹಿರಿಯರಿಂದ ಬಂದ ಆಚಾರವನ್ನು ಬಿಡಲೊಲ್ಲದೆ ಬೇರೆಯೇ ಉಳಿದರು. ಉರಕಾಮಿಯವರು ಪಾದ್ರಿಗಳನ್ನು ಸೇರಿದರು, ಅದಕ್ಕೆ ಬೆಲೆಯನ್ನೂ ತೆತ್ತರು. ಬೌದ್ಧ ವಿಧಿಯ ಶವಸಂಸ್ಕಾರವನ್ನು ಅವರು ನಿರಾಕರಿಸಲು, 1867ರಿಂದ ಹಿಂಸೆಯು ಮೊದಲಾಗಿ, ಸುಮಾರು 3,400 ಮಂದಿ ಗಡೀಪಾರಾದರು. 600ಕ್ಕೂ ಹೆಚ್ಚು ಮಂದಿ ಅಲ್ಲಿಯೇ ಅಳಿದರು. 1873ರಲ್ಲಿ ನಿಷೇಧದ ಹಲಗೆಗಳು ಇಳಿದ ಮೇಲೆ ಉಳಿದವರು ಮರಳಿದರು; ಪ್ರತಿಮೆಯನ್ನು ತುಳಿಯಿಸುತ್ತಿದ್ದ ಗ್ರಾಮಾಧಿಕಾರಿಯ ಮನೆಯ ನಿವೇಶನವನ್ನೇ ಕೊಂಡು, ಅಲ್ಲಿ ಇಗರ್ಜಿಯನ್ನೆತ್ತಿದರು. 1945ನೆಯ ಆಗಸ್ಟ್ 9ರಂದು ಅಣುಬಾಂಬಿನಿಂದ ಅದು ಧ್ವಂಸವಾಯಿತು. 1959ರಲ್ಲಿ ಮತ್ತೆ ಎದ್ದಿತು.

ಕಟ್ಟಡವು ಬೀಳುವುದೂ ಏಳುವುದೂ ಉಂಟು. ಆದರೆ ಒಂದು ಸಭೆಯು ಬಾಳುವುದು ದಿನವನ್ನು ಎಣಿಸುವವನಿಂದ, ನೀರೆರೆಯುವವನಿಂದ, ಮನೆಬಾಗಿಲಿಗೆ ಹೋಗಿ ತಿಳಿಸುವವನಿಂದ. ಇಂಥವರು ತಮ್ಮ ಪಾಲಿನ ಕೆಲಸವನ್ನು ಬಿಡದೆ ಮಾಡಿ ಮುಂದಿನವನ ಕೈಗೊಪ್ಪಿಸಿದರೆಂಬುದೇ ಉರಕಾಮಿಯ ಚರಿತ್ರೆಯ ಸಾರವು.